ಖಾಲಿ ಮೊಳೆ

ಸ್ಟೋರಿನ ಕಿಟಕಿ ಪಕ್ಕದ ಖಾಲಿ ಮೊಳೆಯನ್ನೇ ನೋಡುತ್ತ ಮ್ಯಾನೇಜರು ಕೇಳಿದರು: "ಏನ್ರೀ ಪಂಚಪ್ಪ, ಈ ಪ್ರೋಗ್ರಾಂ ಯಾರೂ ಬಳಸ್ತಾನೇ ಇಲ್ವಾ? ಹಾಗಿದ್ರೆ ಬರೋ ವರ್ಷ ಲೈಸೆನ್ಸೂ ಬೇಡ, ಈ ಕಿಟಕೀನೂ ಬೇಡ."

ಯಶವಂತಪುರದ ಆ ಕಾರ್ಖಾನೆಯಲ್ಲಿ ಕಂಪ್ಯೂಟರಿನಲ್ಲಿ ಪತ್ರ ಟೈಪು ಮಾಡುವ ಪ್ರೋಗ್ರಾಮಿಗೆ ಇದ್ದದ್ದು ಒಂದೇ ಲೈಸೆನ್ಸು, ಒಂದೇ ಫ್ಲಾಪಿ. ಬೇಕಾದವರು ತಮ್ಮ ಹೆಸರಿನ ಹಿತ್ತಾಳೆ ಬಿಲ್ಲೆಯನ್ನು ಆ ಮೊಳೆಗೆ ಹಾಕಿ, ಕಿಟಕಿಯೊಳಗೆ ಕೂತ ಸ್ಟೋರ್‌ಕೀಪರ್ ಪಂಚಪ್ಪನಿಂದ ಫ್ಲಾಪಿ ಒಯ್ಯಬೇಕು. ಹಾಗೆ ಬಿಲ್ಲೆ ಹಾಕುವಾಗಲೆಲ್ಲ ಗುಮಾಸ್ತ ಉಪೇಂದ್ರ "ಊಟ ಆಯ್ತಾ ಪಂಚಪ್ಪನೋರೇ?" ಎನ್ನುತ್ತಿದ್ದ. ಪಂಚಪ್ಪ ಧಾರವಾಡ ಬಿಟ್ಟು ಬಂದಮೇಲೆ ಅದನ್ನು ಕೇಳುತ್ತಿದ್ದವನು ಅವನೊಬ್ಬನೇ. ಅದೇ ಉಪೇಂದ್ರ ಫ್ಲಾಪಿಯನ್ನು ನಕಲು ಮಾಡಿ ಎಲ್ಲರಿಗೂ ಹಂಚಿದ ಮೇಲೆ ಕಿಟಕಿಗೆ ಯಾರೂ ಬಂದಿರಲಿಲ್ಲ.

ಮ್ಯಾನೇಜರ ದನಿ ಕೇಳಿದ್ದೇ ಪಕ್ಕದ ಹಾಲ್‌ನಲ್ಲಿ ಪತ್ರ ಮುದ್ರಿಸುತ್ತಿದ್ದ ಪ್ರಿಂಟರು ಗಪ್ಪಾಯಿತು. ಬಾಗಿಲಾಚೆಯಿಂದ ಉಪೇಂದ್ರ ಹೇಳಬೇಡವೆಂದು ಕಣ್ಣಲ್ಲೇ ಅಂಗಲಾಚಿದ. ಪಂಚಪ್ಪ ಜೇಬಿನಿಂದ ತನ್ನ ಬಿಲ್ಲೆ ತೆಗೆದು ಮೊಳೆಗೆ ಹಾಕಿದ. "ನಾ ಬಳಸ್ತೀನ್ರಿ ಸಾಹೇಬ್ರ. ಟೈಪಿಂಗ್ ಕಲಿಯಾಕತ್ತೀನ್ರಿ."

ಮ್ಯಾನೇಜರು ತಲೆಯಾಡಿಸಿ ಹೋದರು. ಪ್ರಿಂಟರು ಮತ್ತೆ ಕಿರುಗುಟ್ಟತೊಡಗಿತು. ಉಪೇಂದ್ರ ಇತ್ತ ತಿರುಗಲಿಲ್ಲ. ಮೊಳೆಯ ಮೇಲಿನ ತನ್ನ ಹೆಸರನ್ನು ನೋಡುತ್ತ ಪಂಚಪ್ಪ ಮೆಲ್ಲಗೆ ಕೇಳಿದ: "ಊಟ ಆತೇನ್ರಿ, ಪಂಚಪ್ಪನವರ?"