ಸತ್ಯಮ್ಮನ ಫಲಕ

"ಕಾಕಾ, ಈ ಹೆಸರು ತಗೀಬೇಕಾಗ್ತದ್ರಿ."

ಏಣಿಯ ಮೇಲಿಂದ ಈಶ್ವರಿ ಹೇಳಿದ್ದು ಕೆಳಗೆ ಏಣಿ ಹಿಡಿದು ನಿಂತಿದ್ದ ಜಾಕ್ಸನನಿಗೆ ಸರಿಯಾಗಿಯೇ ಕೇಳಿಸಿತ್ತು. ಆದರೂ "ಏನಂದಿ?" ಎಂದ. ವೈಫೈ ರಿಪೇರಿಗೆಂದು ಭಾಲ್ಕಿಯಿಂದ ಬೆಳಗಿನ ಬಸ್ಸಿಗೆ ಬಂದ ಈ ಹುಡುಗಿ ಎರಡು ತಾಸಿನಿಂದ ಲ್ಯಾಪ್‌ಟಾಪ್ ಮುಂದಿಟ್ಟುಕೊಂಡು ವೈಫೈಯ ಚಾನಲ್ ಬದಲಿಸಿದ್ದಳು, ಪವರ್ ಏರಿಸಿದ್ದಳು, ಮತ್ತೆ ಇಳಿಸಿದ್ದಳು. ಬೀದರಿನ ಆ ಹಳೇ ಮಿಷನ್ ಹಾಸ್ಟೆಲ್ಲಿನ ಹಿಂದಿನ ಕೋಣೆಗೆ ಮಾತ್ರ ಸಿಗ್ನಲ್ ಹೋಗಲೊಲ್ಲದು. ಕಡೆಗೆ ಮುಂದಿನ ಹಾಲಿನಲ್ಲಿ ಏಣಿ ಹತ್ತಿದರೆ, ಕೆಳಗಿನಿಂದ ಬರೀ ಹೆಸರಿನ ಫಲಕ ಅಂದುಕೊಂಡಿದ್ದರ ಬೆನ್ನಿಗೇ ಜಾಕ್ಸನ ದಾನ ಕೊಟ್ಟ ವೈಫೈ ಪೆಟ್ಟಿಗೆ ಅಡಗಿ ಕೂತಿತ್ತು. ಫಲಕವೆಂದರೆ ಎರಡು ಗೇಣಗಲದ ಸ್ಟೀಲು, ನಾಲ್ಕು ಮೂಲೆಗೆ ನಾಲ್ಕು ಬೋಲ್ಟು. 'ದಿವಂಗತ ಸತ್ಯಮ್ಮನವರ ನೆನಪಿಗಾಗಿ, ಮಗ ಜಾಕ್ಸನ' ಎಂದು ಕೊರೆದಿತ್ತು.

ಕೊಟ್ಟ ವಸ್ತುವಿನ ಮೇಲೆ ತೀರಿಕೊಂಡವರ ಹೆಸರು ಬರೆಸುವುದು ಅಲ್ಲಿಯ ರೂಢಿ. ಫ್ಯಾನಿನ ರೆಕ್ಕೆಯ ಮೇಲೆ ಯಾರದೋ ಅಜ್ಜ ತಿರುಗುತ್ತಿದ್ದ, ಗಡಿಯಾರದ ಮೇಲೆ ಯಾರದೋ ಅತ್ತೆ ಇದ್ದಳು. ಆದರೆ ಜಾಕ್ಸನ ಬಸ್ ಡಿಪೋದ ಮೆಕ್ಯಾನಿಕ್, ಎರಡು ಅಕ್ಷರ ಬಣ್ಣದಲ್ಲಿ ಬರೆಸಿ ಸುಮ್ಮನಾಗುವ ಆಸಾಮಿಯಲ್ಲ. ತಾನೇ ತಗಡು ಕತ್ತರಿಸಿ, ಭಾಂಡೆ-ಪಾತ್ರೆಯ ಅಂಗಡಿಯಲ್ಲಿ ಹೆಸರು ಕೊರೆಸಿ, ಆನೆ ಜಗ್ಗಿದರೂ ಬರದ ಹಾಗೆ ಬಿಗಿದಿದ್ದ.

"ಡಬ್ಬಿ ಬಾಯಿಗೇ ಸ್ಟೀಲ್ ಬಡದೀರಿ," ಎಂದಳು ಈಶ್ವರಿ. "ಒಳಗ ಎಷ್ಟು ಪವರ್ ಏರಿಸಿದ್ರ ಏನು ಬಂತು? ಸಿಗ್ನಲ್ ತಗಡಿಗಿ ಬಡದು ಅಲ್ಲೇ ಉಳೀತದ್ರಿ."

"ತಗಡಲ್ಲ ಅದು. ನಮ್ಮವ್ವನ ಹೆಸರು."

"ಹೆಸರಿಗಿ ನಾ ಏನೂ ಅನ್ನಲಾಕತ್ತಿಲ್ರಿ ಕಾಕಾ. ಸ್ಟೀಲಿಗಿ ಅನ್ನಲಾಕತ್ತೀನಿ."

ದಾನಕ್ಕೆ ಬಂದ ಎತ್ತಿನ ಹಲ್ಲು ಎಣಿಸಬಾರದು ಅಂತಾರೆ. ವಾರ್ಡನ್ ಮಾರ್ಗರೆಟ ಎಣಿಸುವವಳೇ. ಮಾತು ಕೇಳಿ ಆಫೀಸಿನಿಂದ ಎದ್ದು ಬಂದಳು. "ಜಾಕ್ಸನಣ್ಣ, ಸಿಟ್ಟು ಮಾಡಬ್ಯಾಡ್ರಿ. ಇಪ್ಪತ್ತೆರಡು ಹುಡುಗ್ಯಾರು ಫೋನ್ ಹಿಡಕೊಂಡು ಅಂಗಳದಾಗ ತಿರಗ್ತಾರ. ಇವತ್ತು ಬರೋಬರಿ ಆಗಲಿಲ್ಲಂದ್ರ ಈ ಡಬ್ಬಿ ಬಿಚ್ಚಿ ನಿಮಗೇ ವಾಪಸ್ ಕೊಡ್ರಿ, ಬ್ಯಾರೇದು ತರೋಣು ಅಂತ ಕಮಿಟಿಯವ್ರು ಅಂದಾರ."

ವಾಪಸ್ ಎಂಬ ಮಾತು ಜಾಕ್ಸನನ ಎದೆಗೆ ನಾಟಿತು. ಅವ್ವನ ಹೆಸರಿನಲ್ಲಿ ಕೊಟ್ಟದ್ದನ್ನು ಚೀಲದಲ್ಲಿ ಹಾಕಿಕೊಂಡು ಮನೆಗೆ ಹೋಗುವುದೇ? ಸತ್ಯಮ್ಮ ಇದೇ ಹಾಸ್ಟೆಲ್ಲಿನಲ್ಲಿ ಮೂವತ್ತೊಂದು ವರ್ಷ ಅಡುಗೆ ಮಾಡಿದವಳು. ಇವತ್ತು ಸಿಗ್ನಲ್ ಮುಟ್ಟದ ಆ ಹಿಂದಿನ ಕೋಣೆಯೇ ಆಗ ಅವಳ ಅಡುಗೆಮನೆ. ದಪ್ಪ ಕೆಂಪು ಕಲ್ಲಿನ ಗೋಡೆ, ಹೊಗೆಗೆ ಕಪ್ಪಾದ ಜಂತಿ. ಈಗ ಅಲ್ಲಿ ಹುಡುಗಿಯರು ಓದುತ್ತಾರೆ. ಮುಂದಿನ ಹಾಲಿನಲ್ಲಿ ಅವಳು ಒಂದು ದಿನವೂ ಕೂತವಳಲ್ಲ. ಹೆಸರಾದರೂ ಹಾಲಿನಲ್ಲಿ ಇರಲಿ ಎಂದೇ ಮಗ ಅಲ್ಲಿ ಹಾಕಿಸಿದ್ದ.

"ಇಳಿ ಅವ್ವಾ," ಎಂದ. "ಬಿಗದಾವ ನಾನು. ನಾನೇ ಬಿಚ್ಚತೀನಿ."

ಮೂರು ಬೋಲ್ಟು ಸುಲಭವಾಗಿ ಬಂದವು, ನಾಲ್ಕನೆಯದು ಹಟ ಮಾಡಿತು. ಇಳಿದವನು ಫಲಕವನ್ನು ಕಂಕುಳಲ್ಲಿ ಹಿಡಿದುಕೊಂಡು ಬೆಂಚಿನ ಮೇಲೆ ಕೂತ. ಈಶ್ವರಿ ಪೆಟ್ಟಿಗೆಯನ್ನು ಹಿಂದಿನ ಪಡಸಾಲೆಯ ಗೋಡೆಗೆ ಸರಿಸಿದಳು, ಕಲ್ಲು ದಾಟುವಂಥ ಸೆಟ್ಟಿಂಗಿಗೆ ಬದಲಿಸಿದಳು. ಜಾಕ್ಸನ ತನ್ನ ಫೋನ್ ತೆಗೆದು ನೋಡಿದ.

"ಇದೇನು, ಎಪಿ ಸೊನ್ನಿ ಏಳು ಅಂತ ತೋರಸ್ತದಲಾ?"

"ಡಬ್ಬಿ ಹೆಸರ್ರಿ. ಕಂಪನಿಯವ್ರು ಇಟ್ಟದ್ದು. ಹಚ್ಚಿದಾವ್ರು ಬದಲಿ ಮಾಡಿಲ್ಲ."

"ಬದಲಿ ಮಾಡ್ಲಾಕ ಬರ್ತದೇನು?"

ಈಶ್ವರಿ ಅವನ ಕಂಕುಳಲ್ಲಿದ್ದ ಫಲಕದ ಕಡೆ ನೋಡಿದಳು. 'ಸತ್ಯಮ್ಮ' ಎಂದು ಕನ್ನಡದಲ್ಲೇ ಟೈಪ್ ಮಾಡಿದಳು. "ಪಾಸ್‌ವರ್ಡೂ ಹೊಸಾದು ಇಡಬೇಕ್ರಿ. ಎಂಟು ಇಂಗ್ಲಿಷ್ ಅಕ್ಷರಕ್ಕ ಕಮ್ಮಿ ಇರಬಾರದು. ಏನ್ ಹಾಕ್ಲಿ?"

ಜಾಕ್ಸನ ಫಲಕ ತಿರುಗಿಸಿ ನೋಡಿದ. ಹುಟ್ಟಿದ ತಾರೀಖು ಅನ್ನೋಣವೆಂದರೆ ಅವ್ವನ ತಾರೀಖು ಯಾರಿಗೆ ಗೊತ್ತು?

"ಉಂಡೀ ಏನವ್ವಾ," ಎಂದಳು ಮಾರ್ಗರೆಟ.

ಇಬ್ಬರೂ ತಿರುಗಿ ನೋಡಿದರು. ಅವಳ ಮುಖ ಗೋಡೆಯ ಕಡೆಗಿತ್ತು.

"ಅದನ್ನೇ ಹಾಕು. ಠಾಣಾ ಕುಶನೂರದಿಂದ ಟ್ರಂಕ್ ಹೊತ್ತಕೊಂಡು ಇಲ್ಲಿಗಿ ಬಂದಾಗ ನನಗ ಹನ್ನೊಂದು ವರ್ಷ. ಏಳು ವರ್ಷ ಇದ್ದೆ. ಸತ್ಯಮ್ಮ ದಿನಾ ಕೇಳ್ಯಾಳ. ಉಂಡು ಕೈ ತೊಳಕೊಳ್ಳಾಕಿಗೂ ಕೇಳ್ತಿದ್ದಳು. ಮನ್ಯಾಗ ಯಾರೂ ಕೇಳಿದ್ದಿಲ್ಲ ಹಂಗ," ಎಂದಳು.

ಈಶ್ವರಿ ಅದನ್ನೇ ಇಂಗ್ಲಿಷ್ ಅಕ್ಷರದಲ್ಲಿ ಒತ್ತುತ್ತಲೇ ಹಿಂದಿನ ಕೋಣೆಯಿಂದ ಗದ್ದಲ ಎದ್ದಿತು. "ಬಂತು! ಫುಲ್ ಬಂತು! ಸತ್ಯಮ್ಮ ಅಂತ ಬರಲಾಕತ್ತದ!" ಬ್ಲೆಸ್ಸಿ ಎಂಬ ಹುಡುಗಿ ಓಡಿಬಂದು ಪಾಸ್‌ವರ್ಡ್ ಕೇಳಿ, ಹಾಗೆಯೇ ಓಡಿಹೋದಳು.

ಜಾಕ್ಸನ ಫಲಕ ಹಿಡಿದುಕೊಂಡೇ ಅವಳ ಹಿಂದೆ ಹೋಗಿ ಹಳೇ ಅಡುಗೆಮನೆಯ ಬಾಗಿಲಲ್ಲಿ ನಿಂತ. ಇಪ್ಪತ್ತೆರಡು ಹುಡುಗಿಯರು ತಲೆ ತಗ್ಗಿಸಿ ಕೂತಿದ್ದರು. ಅಕ್ಷರ ತಪ್ಪಬಾರದೆಂದು ಒಬ್ಬೊಬ್ಬಳೂ ಬಾಯಲ್ಲಿ ಅಂದುಕೊಳ್ಳುತ್ತ ಒತ್ತುತ್ತಿದ್ದಳು. ಒಲೆಯಿದ್ದ ಮೂಲೆಯಿಂದ, ಕಿಟಕಿಯಿಂದ, ಬಾಗಿಲ ಬದಿಯಿಂದ ಅದೇ ಮಾತು ಬರುತ್ತಿತ್ತು: ಉಂಡೀ ಏನವ್ವಾ, ಉಂಡೀ ಏನವ್ವಾ.