ಕೆಳಗಿನಿಂದ ಕಂಡ ಕುದುರೆ

ಆ ಹೆಂಗಸು ಸುಳ್ಳು ಹೇಳುತ್ತಿದ್ದಾಳೆ ಎಂದು ಚಿತ್ರಕಾರ ಲೆಸ್ಕೂರ್‌ಗೆ ಮೂರನೆಯ ದಿನವೇ ಅನ್ನಿಸಿತ್ತು.

ಬಾಯಿ ಬಿಡುವಂತಿರಲಿಲ್ಲ. ಬಿಟ್ಟರೆ ಗೆಳೆಯ ಫೆಲಿಸ್ಯಾಂ ಜಗಳಕ್ಕೇ ನಿಲ್ಲುತ್ತಿದ್ದ. ಬಾಗಿಲ ಮೇಲೆ ‘ಕನಸಿನ ಕಚೇರಿ’ ಎಂದು ಬೋರ್ಡು ತೂಗುಹಾಕಿ, ಪ್ಯಾರಿಸ್ಸಿನ ಯಾರು ಬೇಕಾದರೂ ಬಂದು ತಮ್ಮ ಕನಸು ಬರೆಸಬಹುದು ಎಂದು ಪತ್ರಿಕೆಯಲ್ಲಿ ಹಾಕಿಸಿದವನು ಅವನೇ. ಕವಿ. ಬುದ್ಧಿಯ ಕಾವಲು ತಪ್ಪಿಸಿಕೊಂಡು ಮನಸ್ಸಿನ ತಳದಿಂದ ಎದ್ದು ಬರುವುದೇ ನಿಜವಾದ ಕಲೆ ಎಂಬುದು ಅವರ ಗುಂಪಿನ ನಂಬಿಕೆ. ಆದರೆ ಮೊದಲ ತಿಂಗಳು ಬಂದವರು ಇಬ್ಬರು ಕುಡುಕರು ಮತ್ತು ಲಾಟರಿ ನಂಬರು ಕೇಳಿದ ಒಬ್ಬ ಮುದುಕ.

ಆಮೇಲೆ ಒದೀಲ್ ದೆಲಾತ್ರ್ ಬಂದಳು.

ನಲವತ್ತರ ಆಸುಪಾಸು. ಕಪ್ಪು ಉಡುಪು, ದೇಶದ ಉತ್ತರ ಗಡಿಯವರ ಮಾತಿನ ಧಾಟಿ. ಮಧ್ಯಾಹ್ನ ಮೂರಕ್ಕೆ ಬಂದು ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂರುವಳು. ಅಳುವಿಲ್ಲ, ನಗುವಿಲ್ಲ. ಸಂತೆಯಿಂದ ತಂದ ತರಕಾರಿಯನ್ನು ಒಂದೊಂದಾಗಿ ತೆಗೆದಿಡುವ ಹಾಗೆ ಹೇಳುವಳು.

“ಮಹಡಿ ಮೇಲೆ ಬಿಳಿ ಕುದುರೆ ನಿಂತಿದೆ. ಅದರ ಹೊಟ್ಟೆ ಕಾಣ್ತಿದೆ. ಮುಖ ಕಾಣಲ್ಲ.”

“ಏನ್ ಮಾಡ್ತಿದೆ, ಮದಾಮ್?”

“ಗೋಡೆಗೆ ಅಂಟಿಸಿದ ಹೂವಿನ ಕಾಗದ ಕಿತ್ತು ತಿಂತಿದೆ.”

ಫೆಲಿಸ್ಯಾಂ ಸಂತೋಷಕ್ಕೆ ಮಸಿ ಚೆಲ್ಲಿಕೊಂಡ.

ಇನ್ನೊಂದು ದಿನ ಮರದ ಕೊಂಬೆಗೆ ಅಡುಗೆಮನೆಯ ಕುರ್ಚಿ ಸಿಕ್ಕಿಕೊಂಡಿತ್ತು, ಯಾರೋ ಈಗ ತಾನೇ ಎದ್ದು ಹೋದ ಹಾಗೆ. ಮತ್ತೊಂದು ದಿನ ಹಳದಿ ಮಂಜು ಮನುಷ್ಯನಂತೆ ಒಂದೊಂದೇ ಮೆಟ್ಟಿಲಿಳಿದು ಬಂತು. ಮುಗಿದ ಮೇಲೆ ಅವಳದು ಒಂದೇ ಪ್ರಶ್ನೆ.

“ನನ್ನ ಹೆಸರು ಪೂರ್ತಿ ಬರೆದ್ರಾ? ಇವತ್ತಿನ ತಾರೀಖು ಹಾಕಿದ್ರಾ?”

“ಹಾಕಿದೀನಿ. ಅದೇನು ಅಷ್ಟು ಮುಖ್ಯ?”

“ಬೇರೆ ಕಚೇರಿಗಳಲ್ಲಿ ನಾನು ಹೇಳಿದ್ದು ಯಾರೂ ಬರ್ಕೊಳ್ಳಲ್ಲ. ನನ್ನ ಹೆಸರು ಬೇರೆ ಪಟ್ಟೀಲಿದೆ ಅಂತಾರೆ.”

“ಅಲ್ಲಿ ಬುದ್ಧಿವಂತರು ಕೂತಿರ್ತಾರೆ ಮದಾಮ್. ಇಲ್ಲಿ ನಾವಿದೀವಲ್ಲ!” ಫೆಲಿಸ್ಯಾಂ ನಕ್ಕ.

ಲೆಸ್ಕೂರ್ ಅನುಮಾನಿಸುತ್ತಲೇ ಚಿತ್ರ ಬರೆದ. ಕುದುರೆ, ಕುರ್ಚಿ, ಮಂಜು. ಅವಳು ಹೇಳಿದಂತೆ ಎಲ್ಲವನ್ನೂ ಕೆಳಗಿನಿಂದ ಕಂಡ ಹಾಗೆ ಬರೆದ. ಹತ್ತು ವರ್ಷ ಯಾರೂ ತಿರುಗಿ ನೋಡದವನನ್ನು ಈಗ ಕೆಫೆಯಲ್ಲಿ ಕರೆದು ಕೂರಿಸಿಕೊಳ್ಳತೊಡಗಿದರು. “ಹೂತ ಹೆಣದ ಕಣ್ಣು ಕಣೋ ನಿಂದು,” ಎಂದು ಒಬ್ಬ ಛೇಡಿಸಿದ. ಒಂದು ಗ್ಯಾಲರಿಯವರು ಪ್ರದರ್ಶನಕ್ಕೆ ಒಪ್ಪಿದರು.

ಅನುಮಾನ ಮಾತ್ರ ಹೋಗಲಿಲ್ಲ. ಕನಸು ಎಂದರೆ ಜಾರಬೇಕು. ಅಮ್ಮ ಅತ್ತೆಯಾಗಬೇಕು, ಮನೆ ಹಡಗಾಗಬೇಕು. ಇವಳದು ಕದಲುವುದೇ ಇಲ್ಲ. ಅದೇ ಮನೆ, ಅದೇ ಗೋಡೆ. ನಾಳೆ ಜನರೆದುರು ಯಾರಾದರೂ ಇದೆಲ್ಲ ಕಟ್ಟುಕಥೆ ಎಂದರೆ ಅವನ ಹೆಸರು ಮಣ್ಣುಪಾಲು.

ಒಂದು ಮಧ್ಯಾಹ್ನ ಅವನೇ ಅವಳೆದುರು ಕೂತ.

“ಆ ಕುದುರೆ ಕಂದು ಬಣ್ಣ ಅಂದಿದ್ರಿ, ಅಲ್ವಾ?”

“ಬಿಳಿ.”

“ಮೆಟ್ಟಿಲು ಹನ್ನೆರಡು?”

“ಹದಿನಾಲ್ಕು. ಮೂರನೇದು ಮುರಿದಿದೆ.”

“ಎರಡು ತಿಂಗಳಾಯ್ತು ಮದಾಮ್, ನೀವು ಅದನ್ನ ಹೇಳಿ. ನನಗೆ ಇವತ್ತು ಬೆಳಗ್ಗೆ ಬಿದ್ದ ಕನಸೇ ಈಗ ನೆನಪಿಲ್ಲ. ಮನೇಲಿ ಕೂತು ಕಟ್ಟಿಕೊಂಡು ಬರ್ತೀರಿ, ಅಲ್ವಾ?”

“ಏ, ಬಿಡೋ ಅವರನ್ನ!” ಫೆಲಿಸ್ಯಾಂ ರೇಗಿದ.

ಅವಳು ಸಿಟ್ಟಾಗಲಿಲ್ಲ. ಲೆಸ್ಕೂರನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಕಿಟಕಿಯನ್ನು ನೋಡಿದ ಹಾಗೆ.

“ಕಟ್ಟೋಕೆ ನನಗೆ ಬರಲ್ಲ, ಸ್ವಾಮಿ. ಇನ್ನೊಂದು ಉಳಿದಿದೆ. ಅದನ್ನೂ ಬರ್ಕೊಂಡುಬಿಡಿ. ಮತ್ತೆ ಬರಲ್ಲ.”

ಫೆಲಿಸ್ಯಾಂ ಲೇಖನಿ ಎತ್ತಿಕೊಂಡ.

“ನೆತ್ತಿ ಮೇಲೆ ಬೂಟುಗಳು ಓಡಾಡ್ತಿವೆ. ಅಡಿ ಮಾತ್ರ ಕಾಣುತ್ತೆ. ಮಕ್ಕಳು ಪಕ್ಕದಲ್ಲೇ ಮಲಗಿದಾರೆ. ಅಲ್ಲಾಡಿಸಿದ್ರೂ ಏಳಲ್ಲ. ನಾನು ಕೂಗ್ತೀನಿ. ಗಂಟಲಿಂದ ಸದ್ದೇ ಬರಲ್ಲ. ಆಮೇಲೆ ಬೆಳಕು ಪಟ್ಟಿಪಟ್ಟಿಯಾಗಿ ಆರಿಹೋಗುತ್ತೆ. ಕೊನೇ ಪಟ್ಟಿ ನನ್ನ ಕೈ ಮೇಲಿತ್ತು.”

ಹೆಸರು, ತಾರೀಖು ನೋಡಿಕೊಂಡು ಎದ್ದು ಹೋದಳು.

“ನೋಡಿದ್ಯಾ?” ಎಂದ ಲೆಸ್ಕೂರ್. “ಕೂಗಿದರೂ ಸದ್ದು ಬರದ ಕನಸು. ಊರಿಗೆಲ್ಲ ಬೀಳೋದು. ಇಷ್ಟು ದಿನದಲ್ಲಿ ಇದೊಂದೇ ಅವಳು ನಿಜವಾಗಿ ಕಂಡ ಕನಸು.”

ಅವಳು ಮತ್ತೆ ಬರಲಿಲ್ಲ. ಗೆದ್ದೆ ಎಂದು ಅವನಿಗೆ ಅನ್ನಿಸಲಿಲ್ಲ, ತಪ್ಪು ಮಾಡಿದೆ ಎಂದೂ ಅನ್ನಿಸಲಿಲ್ಲ. ಒಳಗೆ ಏನೂ ಇರಲಿಲ್ಲ. ಚಿತ್ರಗಳಿಗೆ ಚೌಕಟ್ಟು ಹಾಕಿಸಿದ.

ಪ್ರದರ್ಶನದ ಮೊದಲ ದಿನ ಜನ ಕುದುರೆಯ ಚಿತ್ರದ ಮುಂದೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಎರಡನೆಯ ದಿನ ಬೆಳಗ್ಗೆ ಬಾಗಿಲು ರಿಪೇರಿಗೆ ಮಾರ್ಸೋ ಎಂಬ ಬಡಗಿ ಬಂದ. ಸುತ್ತಿಗೆಯ ಸದ್ದು ಕೇಳುತ್ತಿತ್ತು. ಸ್ವಲ್ಪ ಹೊತ್ತಿಗೆ ನಿಂತಿತು. ಲೆಸ್ಕೂರ್ ತಿರುಗಿ ನೋಡಿದರೆ ಬಡಗಿ ಕುದುರೆಯ ಮುಂದೆ ನಿಂತಿದ್ದ. ನಗುತ್ತಿರಲಿಲ್ಲ.

“ಏನಣ್ಣ, ಕುದುರೆಗೆ ಮೆಟ್ಟಿಲು ಹತ್ತೋಕೆ ಬರುತ್ತಾ ಅಂತ ನೋಡ್ತಿದೀಯಾ?”

“ಬರುತ್ತೆ. ನಾಲ್ಕು ಜನ ಹಿಂದಿನಿಂದ ತಳ್ಳಬೇಕು.” ಬಡಗಿಯ ದನಿಯಲ್ಲಿ ಏರಿಳಿತವಿರಲಿಲ್ಲ. “ಯುದ್ಧದಲ್ಲಿ ನಮ್ಮ ದಳದ ಕುದುರೆ. ವಿಷಗಾಳಿ ಬಿಟ್ಟಿದ್ರು. ಆ ಗಾಳಿ ಭಾರ, ಕೆಳಕ್ಕೇ ಇಳಿಯುತ್ತೆ. ಅದಕ್ಕೇ ಕುದುರೆನ ಒಂದು ಮನೆ ಮಹಡಿಗೆ ಹತ್ತಿಸಿದ್ವಿ, ಗುಂಡು ಬಿದ್ದು ನೆಲ ಅಲ್ಲಲ್ಲಿ ಬಾಯ್ಬಿಟ್ಟಿದ್ದ ಮನೆ. ಆ ಮನೆ ನೀವೆಲ್ಲಿ ನೋಡಿದ್ರಿ?”

“ನಾನು ನೋಡಿಲ್ಲ. ಒಬ್ಬ ಹೆಂಗಸು ಹೇಳಿದ್ದು. ಅವಳ ಕನಸು.”

“ಎಲ್ಲಿಂದ ನೋಡಿದ್ಲಂತೆ?”

“ಕೆಳಗಿನಿಂದ. ಯಾವಾಗಲೂ ಕೆಳಗಿನಿಂದಲೇ.”

ಬಡಗಿ ಸುತ್ತಿಗೆಯನ್ನು ನೆಲದ ಮೇಲಿಟ್ಟ.

“ಅದರ ಕೆಳಗೆ ಇದ್ದದ್ದು ನೆಲಮಾಳಿಗೆ ಒಂದೇ,” ಎಂದ. “ಒಳಗಿದ್ದವರೆಲ್ಲ ಸತ್ತಿದಾರೆ ಅಂತ ಅದರ ಬಾಯಿಗೆ ಹಲಗೆ ಬಡಿದು ಮುಚ್ಚಿದವನು ನಾನೇ.”