ನೇರಳೆ ಮರದಾಚೆಯ ಸಮುದ್ರ

ಧನುರ್ಮಾಸದ ಚಳಿ ಬಿದ್ದರೆ ನಮ್ಮೂರ ಮರಗಳು ವರ್ಷವಿಡೀ ಕೇಳಿಸಿಕೊಂಡದ್ದನ್ನು ಒದರುತ್ತವೆ. ಅದನ್ನು ಮರೆತು ಹೆಂಡತಿ ಕುಸುಮಳನ್ನು ಮನೆ ಹಿಂದಿನ ಗುಡ್ಡದ ಕಾಡಿಗೆ ಕರೆದೊಯ್ದೆ. ಪ್ರತಿ ಭಾನುವಾರ ತುದಿ ಹತ್ತಿ ಸಮುದ್ರ ನೋಡಿ ಬರುವ ಶೂರನಲ್ಲವೇ ನಾನು!

ಅರ್ಧ ದಾರಿಯಲ್ಲೇ ನೇರಳೆ ಮರ ನನ್ನ ದನಿಯಲ್ಲಿ ಏದುಸಿರು ಬಿಟ್ಟಿತು: "ಅಯ್ಯಪ್ಪಾ, ಸಾಕು. ಇಲ್ಲೇ ಉಪ್ಪಿಟ್ಟು ತಿಂದು ಇಳಿದುಬಿಡೋಣ. ಅವಳೇನು ಬಂದು ನೋಡ್ತಾಳಾ?"

ಕುಸುಮ ನಗಲಿಲ್ಲ. "ಬನ್ನಿ, ಇನ್ನು ಸ್ವಲ್ಪವೇ" ಎಂದು ಕೈಹಿಡಿದು ಹತ್ತಿಸಿದಳು.

ತುದಿಯ ಮತ್ತಿಮರ, ಅವಳು ಪಕ್ಕದ ಮನೆಯಾಕೆಗೆ ಹೇಳಿದ್ದನ್ನು ಅವಳದೇ ದನಿಯಲ್ಲಿ ಒದರುತ್ತಿತ್ತು: "ನಾವು ವಾರವಾರ ಇಲ್ಲಿಗೆ ಬರೋದು ನಮ್ಮನೆಯವರಿಗೆ ಹೇಳಬೇಡಿ ರೀ. ಪಾಪ, ಇಲ್ಲಿಂದ ಸಮುದ್ರ ಕಾಣುತ್ತೆ ಅಂತಾರೆ."

ನಾನು ಕಣ್ಣು ಕಿರಿದು ಮಾಡಿ ನೋಡಿದೆ. ಕೆಳಗೆ ನಮ್ಮ ತಾರಸಿಯಲ್ಲಿ ಒಣಹಾಕಿದ್ದ ನನ್ನ ಪಂಚೆ ಕಂಡಿತು.